ಕ್ರೂಸರ್‌ಗೆ ಸೈಲೆನ್ಸರ್ ಬದಲಿಸುವ ಮುನ್ನ

ಅಟ್ಟೂರು, ಯಲಹಂಕ ಕಡೆಯಿಂದ ಭಾನುವಾರ ನಸುಕಿಗೇ ನಂದಿ ಬೆಟ್ಟದತ್ತ ಹೊರಡುವ ಬೈಕುಗಳಲ್ಲಿ ಮೀಟಿಯೋರ್, ಥಂಡರ್‌ಬರ್ಡ್, ಅವೆಂಜರ್‌ನಂಥ ಕ್ರೂಸರ್‌ಗಳು ಕಡಿಮೆಯೇನಿಲ್ಲ. ಇಂಥ ಬೈಕ್ ಕೊಂಡವರ ಕೈ ಮೊದಲು ಹೋಗುವುದು ಸೈಲೆನ್ಸರ್ ಕಡೆಗೆ. ಕಂಪನಿಯ ಸೈಲೆನ್ಸರ್‌ನಲ್ಲಿ ಗತ್ತಿಲ್ಲ ಎಂಬ ಅವರ ದೂರಿಗೆ ಕಾರಣವಿದೆ: 175 ಸಿಸಿ ಮೀರಿದ ಬೈಕಿಗೆ ತಯಾರಿಕೆಯ ಹಂತದಲ್ಲೇ 80 ಡೆಸಿಬಲ್‌ನ ಮಿತಿ ಇದೆ. ಗಂಭೀರವಾದ ದನಿ ಬೇಕೆನ್ನುವುದು ತಪ್ಪಲ್ಲ. ಆದರೆ ಆ ಗಾಂಭೀರ್ಯ ಸದ್ದು ಹೆಚ್ಚಿಸಿದರೆ ಬರುವಂಥದ್ದಲ್ಲ ಎಂಬುದು ನನ್ನ ವಾದ.

ಒಂದೇ ಸಿಲಿಂಡರಿನ ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ಇಂಧನ ಉರಿಸುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 25 ಸಿಡಿತ. ಬೈಕ್ ನಿಂತಲ್ಲೇ ಎಂಜಿನ್ ಓಡುವಾಗ ಸೆಕೆಂಡಿಗೆ ಎಂಟೊಂಬತ್ತು ಇರಬಹುದು. ನಮಗೆ ಹಿಡಿಸುವ ಆ ‘ಡುಗುಡುಗು’ ಹುಟ್ಟುವುದೇ ಈ ಬಿಡಿ ಬಿಡಿ ಸಿಡಿತಗಳಿಂದ. ಸೂಪರ್ ಮೀಟಿಯೋರ್ 650ರಲ್ಲಿ ಎರಡು ಸಿಲಿಂಡರ್ ಇದ್ದರೂ 270 ಡಿಗ್ರಿಯ ಕ್ರ್ಯಾಂಕ್‌ನಿಂದಾಗಿ ಸಿಡಿತಗಳ ನಡುವಿನ ಅಂತರ ಸಮವಾಗಿರುವುದಿಲ್ಲ. ಅದರ ದನಿಯ ಗುಣ ಅಲ್ಲಿದೆ. ಸೈಲೆನ್ಸರ್‌ನೊಳಗೆ ತುಂಬಿರುವ ಗ್ಲಾಸ್ ವೂಲ್ ಮುಖ್ಯವಾಗಿ ಹೀರುವುದು ಕೀರಲು ಸದ್ದನ್ನು. ಅದನ್ನು ಕಿತ್ತು, ಸದ್ದು ತಗ್ಗಿಸಲು ಕೂರಿಸುವ ಡಿಬಿ ಕಿಲ್ಲರ್ ತೆಗೆದು, ಒಳಗೆ ಏನೂ ಇಲ್ಲದ ಕೊಳವೆ ಹಾಕಿದರೆ ಹೊರಬರುವುದು ಕಿವಿಗೆ ಚುಚ್ಚುವ ಪಟಪಟ. ಮಂದ್ರ ಬೇಕೆಂದು ಹೋದವರು ಮಂದ್ರವನ್ನೇ ಮುಚ್ಚಿಹಾಕುವ ಸದ್ದನ್ನು ದುಡ್ಡು ಕೊಟ್ಟು ತರುತ್ತಾರೆ.

ಸೈಲೆನ್ಸರ್ ಬದಲಿಸಿದರೆ ಪವರ್ ಹೆಚ್ಚುತ್ತದಲ್ಲ ಎನ್ನುವವರಿದ್ದಾರೆ. ಮೀಟಿಯೋರ್ 350ರ ಎಂಜಿನ್ ಕೊಡುವುದೇ ಸುಮಾರು 20 ಅಶ್ವಶಕ್ತಿ; ಹಿಂಬದಿಯ ಡಬ್ಬಿಯೊಂದನ್ನೇ ಬದಲಿಸಿದರೆ ರಸ್ತೆಯಲ್ಲಿ ಗೊತ್ತಾಗುವಷ್ಟು ವ್ಯತ್ಯಾಸವೇನೂ ಆಗದು. ಬೈಕಿನ ತೂಕ ಸ್ವಲ್ಪ ಇಳಿಯಬಹುದು, ಆ ಲಾಭ ನಿಜ. ಬೆಂಡ್ ಪೈಪ್ ಸಹಿತ ಪೂರ್ತಿ ಬದಲಿಸುವುದು ಬೇರೆಯೇ ಮಾತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಬೈಕುಗಳಲ್ಲಿ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಹೊಗೆಯ ದಾರಿಯಲ್ಲೇ ಇರುತ್ತದೆ; ಇಂಧನ ಎಷ್ಟು ಬೇಕೆಂದು ಎಂಜಿನ್‌ಗೆ ಹೇಳುವ ಆಕ್ಸಿಜನ್ ಸೆನ್ಸರ್ ಕೂಡ ಅಲ್ಲೇ. ಇವನ್ನು ಕಿತ್ತರೆ ಹೊಗೆಯೂ ಕೆಡುತ್ತದೆ, ಎಂಜಿನ್ನಿನ ಲೆಕ್ಕವೂ ತಪ್ಪುತ್ತದೆ. ಹಾಗಾಗಿ ಕನ್ವರ್ಟರ್ ನಿಮ್ಮ ಬೈಕಿನ ಯಾವ ಭಾಗದಲ್ಲಿದೆ ಎಂದು ಮೊದಲು ಕೇಳಿ ತಿಳಿಯಿರಿ. ಅದನ್ನು ಮುಟ್ಟದೆ ಹಿಂಬದಿಯ ಡಬ್ಬಿಯನ್ನಷ್ಟೇ ಬದಲಿಸುವ ಸ್ಲಿಪ್-ಆನ್, ಒಳಗೆ ಗ್ಲಾಸ್ ವೂಲ್, ಕಳಚದ ಡಿಬಿ ಕಿಲ್ಲರ್, ಅಳೆದ ಡೆಸಿಬಲ್‌ನ ದಾಖಲೆ, ಇಷ್ಟು ಇದ್ದರೆ ಯೋಚಿಸಬಹುದು. ಗೋಲ್ಡ್ ಸ್ಟಾರ್, ಶಾರ್ಟ್ ಬಾಟಲ್ ಎಂಬ ಸೈಲೆನ್ಸರ್ ಹೆಸರುಗಳು ಹೇಳುವುದು ಆಕಾರವನ್ನು ಮಾತ್ರ, ಒಳಗೇನಿದೆ ಎಂಬುದನ್ನಲ್ಲ.

ಜೋರು ಸದ್ದಿದ್ದರೆ ಲಾರಿ, ಬಸ್ಸಿನವರು ಎಚ್ಚರಾಗುತ್ತಾರೆ, ಜೀವ ಉಳಿಯುತ್ತದೆ ಎನ್ನುವ ವಾದವೂ ಉಂಟು. ಹೆಬ್ಬಾಳದ ದಟ್ಟಣೆ ಕಂಡವರಿಗೆ ಆ ಭಯ ಅರ್ಥವಾಗುತ್ತದೆ. ಆದರೆ ಸೈಲೆನ್ಸರ್‌ನ ಬಾಯಿ ಇರುವುದು ಹಿಂದಕ್ಕೆ, ಅಪಾಯ ಹೆಚ್ಚಾಗಿ ಬರುವುದು ಮುಂದಿನಿಂದ. ಅಮೆರಿಕದಲ್ಲಿ 1981ರಲ್ಲಿ ಪ್ರಕಟವಾದ ಹರ್ಟ್ ವರದಿ ಬೈಕ್ ಅಪಘಾತಗಳ ಬಗ್ಗೆ ಕಂಡುಕೊಂಡದ್ದೂ ಇದನ್ನೇ. ಸದ್ದು ಮೊದಲು ಮುಟ್ಟುವುದು ಬೀದಿಯ ಮನೆಗಳನ್ನು. 10 ಡೆಸಿಬಲ್ ಹೆಚ್ಚಾದರೆ ಶಬ್ದದ ಶಕ್ತಿ 10 ಪಟ್ಟಾಗುತ್ತದೆ. ಮೊದಲಿನಷ್ಟೇ ಕೇಳಬೇಕಾದರೆ ಬಯಲಲ್ಲೂ ಮೂರು ಪಟ್ಟು ದೂರ ಹೋಗಬೇಕು. ಬಡಾವಣೆಯ ಕಿರುಬೀದಿಯಲ್ಲಿ ಆ ದೂರ ಎಲ್ಲಿದೆ? 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ಬೆಳಗಿನ 6ರವರೆಗೂ ರಾತ್ರಿಯೇ, ವಸತಿ ಪ್ರದೇಶಕ್ಕೆ ಆಗಿನ ಮಿತಿ 45 ಡೆಸಿಬಲ್. ನಂದಿಗೆ ಬೈಕ್ ಹೊರಡುವುದು ಆ ಹೊತ್ತಿನಲ್ಲೇ. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಲ್ಲಿ ಶಬ್ದದ ಮಾನದಂಡ ಮೀರಿದ ಮೊದಲ ತಪ್ಪಿಗೆ ₹10,000ವರೆಗೆ ದಂಡ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮೂರು ತಿಂಗಳು ಲೈಸೆನ್ಸ್ ಕೂಡ ಅನರ್ಹ. ಆದ್ದರಿಂದ ಅಂಗಡಿಯಲ್ಲಿ ಆಕ್ಸಿಲರೇಟರ್ ತಿರುವಿ ಕೇಳಿಸುವ ಸದ್ದಿಗೆ ಮರುಳಾಗಬೇಡಿ, ಡೆಸಿಬಲ್‌ನ ದಾಖಲೆ ಕೇಳಿ. ಅದು ಸಿಗದಿದ್ದರೆ ಕಂಪನಿಯ ಸೈಲೆನ್ಸರನ್ನೇ ಇಟ್ಟುಕೊಳ್ಳಿ.