ಬಸಿರಿನ ಮೊದಲ ಮೂರು ತಿಂಗಳು: ಗಂಡಂದಿರು ತಿಳಿಯತಕ್ಕ ಲೆಕ್ಕ

ಹೆಂಡತಿಯನ್ನು ಊರಿನಲ್ಲಿ ಬಿಟ್ಟು ಮುಂಬಯಿ, ಪುಣೆಗಳಲ್ಲಿ ದುಡಿಯುವ ನಮ್ಮ ಬಾಂಧವರಿಗೆ ಸಂತೋಷದ ಸುದ್ದಿಯೊಡನೆ ಕೆಲವೊಮ್ಮೆ ಒಂದು ಗಲಿಬಿಲಿಯೂ ಬರುವುದುಂಟು. ರಜೆ ಮುಗಿಸಿ ಮರಳಿ ಆರು ವಾರಗಳಷ್ಟೇ ಆಗಿರುತ್ತವೆ. ಡಾಕ್ಟರರು ಬಸಿರಿಗೆ ಎಂಟು ವಾರವೆಂದು ಬರೆದಿರುತ್ತಾರೆ. ಈ ಎರಡು ವಾರಗಳ ಅಂತರವನ್ನು ಹಿಡಿದು ಮನಸ್ಸು ಕೆಡಿಸಿಕೊಳ್ಳುವವರಿದ್ದಾರೆ. ಬಾಯಿಬಿಟ್ಟು ಕೇಳಿ ಆಕೆಯನ್ನು ಅಳಿಸುವವರೂ ಇಲ್ಲದಿಲ್ಲ.

ಇದು ಕೇವಲ ಎಣಿಕೆಯ ಪದ್ಧತಿ. ಗರ್ಭ ನಿಂತ ದಿನ ಖಚಿತವಾಗಿ ತಿಳಿಯುವುದು ಅಪರೂಪ. ಕೊನೆಯ ಮುಟ್ಟಿನ ಮೊದಲ ದಿನವಾದರೋ ಹೆಂಗಸಿಗೆ ನೆನಪಿರುತ್ತದೆ. ಆದುದರಿಂದ ವೈದ್ಯರು ಆ ದಿನದಿಂದ ಎಣಿಸಿ 280 ದಿನ, ಅಂದರೆ 40 ವಾರ ಹಿಡಿಯುತ್ತಾರೆ. ಗರ್ಭ ನಿಲ್ಲುವುದು ಸಾಮಾನ್ಯವಾಗಿ ಎರಡು ವಾರಗಳ ತರುವಾಯ. ಹಾಗಾಗಿ ಎಂಟು ವಾರದ ಬಸಿರಿನಲ್ಲಿ ಕೂಸಿನ ನಿಜವಾದ ವಯಸ್ಸು ಆರೇ ವಾರ. ಗಲ್ಲೆಯ ಮೇಲೆ ಕುಳಿತು ವರ್ಷಗಟ್ಟಲೆ ಲೆಕ್ಕ ಬರೆದ ನಮ್ಮಂಥವರಿಗೆ ಸರಕು ಬರುವ ಮುನ್ನವೇ ಜಮೆ ಹಿಡಿಯುವ ಈ ಖಾತೆ ವಿಚಿತ್ರವಾಗಿಯೇ ಕಾಣುತ್ತದೆ. ಆದರೆ ಜಗತ್ತಿನೆಲ್ಲೆಡೆ ಇದೇ ರೂಢಿ. ಮುಟ್ಟು ಕ್ರಮವಾಗಿಲ್ಲದವರಲ್ಲಿ ಮೊದಲ ತಿಂಗಳುಗಳ ಸ್ಕ್ಯಾನಿಂಗಿನಿಂದ ದಿನಗಳನ್ನು ಸರಿಪಡಿಸುತ್ತಾರೆ.

ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದೆಂಬುದು ನಮ್ಮ ಹಿರಿಯರ ಮಾತು. ನೆರೆಹೊರೆಗೆ ಹೇಳದಿರಲಿ, ಡಾಕ್ಟರರಿಗೂ ಹೇಳದಿರುವುದು ತರವಲ್ಲ. ಏಕೆಂದರೆ ಮುಟ್ಟು ತಪ್ಪಿ ಎರಡು ವಾರ ಕಳೆಯುವಷ್ಟರಲ್ಲಿ ಕೂಸಿನ ಮೆದುಳು, ಬೆನ್ನುಹುರಿಗಳಾಗತಕ್ಕ ನಾಳ ಮುಚ್ಚಿಕೊಂಡು ಮುಗಿದಿರುತ್ತದೆ. ಅದು ಸರಿಯಾಗಿ ಮುಚ್ಚದಿದ್ದರೆ ಬರುವ ದೋಷಗಳನ್ನು ಬಹುಮಟ್ಟಿಗೆ ತಡೆಯತಕ್ಕದ್ದು ಫೋಲಿಕ್ ಆಮ್ಲದ ಮಾತ್ರೆ. ದಿನಕ್ಕೆ 400 ಮೈಕ್ರೋಗ್ರಾಂ. ಮಗು ಬೇಕೆಂದು ನಿಶ್ಚಯಿಸಿದಾಗಲೇ ಇದನ್ನು ಆರಂಭಿಸುವುದು ಉತ್ತಮ. ಆರನೆಯ ವಾರದ ಸುಮಾರಿಗೆ ಹೃದಯದ ಮಿಡಿತ ಸ್ಕ್ಯಾನಿನಲ್ಲಿ ಕಾಣತೊಡಗುತ್ತದೆ. 12 ವಾರಕ್ಕೆ ಕೂಸು ಐದಾರು ಸೆಂಟಿಮೀಟರ್ ಉದ್ದ, ಬೆರಳುಗಳು ಬಿಡಿಬಿಡಿ.

ತಾಯಿಗೆ ಈ ದಿನಗಳು ಸುಖದವಲ್ಲ. ಆಯಾಸ, ಪದೇ ಪದೇ ಮೂತ್ರ, ಎಲ್ಲಕ್ಕಿಂತ ಹೆಚ್ಚಾಗಿ ವಾಕರಿಕೆ. ಒಗ್ಗರಣೆಯ ವಾಸನೆಯೇ ಆಗದು. ಹೋಟೆಲಿನಿಂದ ಬಂದ ಗಂಡನ ಅಂಗಿಗೆ ಅಂಟಿದ ಕಾದ ಎಣ್ಣೆಯ ವಾಸನೆಯೂ ಆಗದು. ಖೋಲಿಯೊಳಗೆ ಕಾಲಿಟ್ಟೊಡನೆ ಅಂಗಿ ಬದಲಿಸಿ ಕೈಕಾಲು ತೊಳೆಯುವುದು ಖರ್ಚಿಲ್ಲದ ಉಪಕಾರ. ಅದೇ ಖೋಲಿಯಲ್ಲಿ ಬೀಡಿ ಸೇದುವುದಂತೂ ಸಲ್ಲದು. ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಹೆಂಗಸರು ಅದನ್ನು ಬಿಡಬೇಕು. ಬೆಳಗ್ಗೆ ಏಳುವ ಮುನ್ನ ಒಂದೆರಡು ರಸ್ಕು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಊಟ, ಹೆಚ್ಚಿನವರಿಗೆ ಸಾಕಾಗುತ್ತದೆ. ಕುಡಿದ ನೀರೂ ನಿಲ್ಲದೆ ಮೂತ್ರ ಕಡಿಮೆಯಾದರೆ ಆಸ್ಪತ್ರೆಗೆ ಕರೆದೊಯ್ಯಬೇಕು. ಕೇಳದೆ ಅಂಗಡಿಯಿಂದ ಔಷಧ ತರಬಾರದು.

ರಕ್ತ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು, ತಲೆಸುತ್ತು ಬಂದರೆ ಗರ್ಭ ನಾಳದಲ್ಲಿ ನಿಂತಿರಬಹುದು. ಅದು ಪ್ರಾಣಕ್ಕೆ ಬರುವ ಸಂಗತಿ, ಡ್ಯೂಟಿ ಮುಗಿಯಲೆಂದು ಕಾಯುವಂತಿಲ್ಲ. ಗೊತ್ತಾದ ಬಸಿರುಗಳಲ್ಲಿಯೂ ಹತ್ತರಲ್ಲಿ ಒಂದೆರಡು ಇಳಿದುಹೋಗುವುದುಂಟು, ಬಹುಪಾಲು ಈ ಮೂರು ತಿಂಗಳಲ್ಲೇ. ಅವುಗಳಲ್ಲಿ ಅರ್ಧದಷ್ಟಕ್ಕೆ ಕಾರಣ ಮೊಳಕೆಯಲ್ಲೇ ಆದ ವರ್ಣತಂತುಗಳ ದೋಷ. ಆಕೆ ಕೊಡ ಎತ್ತಿದಳು, ಚಾಳಿನ ಮೆಟ್ಟಿಲು ಹತ್ತಿದಳು ಎಂದು ಅತ್ತೆಯವರು ದೂಷಿಸುವುದು ಅನ್ಯಾಯ. ಗಂಡನಾದವನು ಆಗ ಸುಮ್ಮನಿರಬಾರದು.

12 ವಾರಗಳೊಳಗೆ ಹತ್ತಿರದ ಸರಕಾರಿ ಅಥವಾ ನಗರಸಭೆಯ ಆಸ್ಪತ್ರೆಯಲ್ಲಿ ಹೆಸರು ನೋಂದಾಯಿಸಿ, ರಕ್ತ, ಮೂತ್ರ, ರಕ್ತದೊತ್ತಡಗಳ ಪರೀಕ್ಷೆ ಮಾಡಿಸತಕ್ಕದ್ದು. ಗಂಡೋ ಹೆಣ್ಣೋ ಎಂದು ಕೇಳುವುದು 1994ರ ಕಾನೂನಿನಂತೆ ಅಪರಾಧ. ನೋಂದಣಿಯಾದೊಡನೆ ಕೊಡುವ ತಾಯಿ-ಮಗುವಿನ ಕಾರ್ಡನ್ನು ಜೋಪಾನವಾಗಿಡಬೇಕು. ಹೆರಿಗೆಗೆ ತವರಿಗೆ ಕಳುಹಿಸುವಾಗ ಅದನ್ನು ಟ್ರಂಕಿನ ಅಡಿಗೆ ಹಾಕದೆ ಆಕೆಯ ಕೈಚೀಲದಲ್ಲಿಯೇ ಇಡಿ. ಊರಿನ ಡಾಕ್ಟರರು ಮೊದಲು ಕೇಳುವುದು ಅದನ್ನೇ.