ಕೆರೆ ಪಕ್ಕದ ಮನೆ: ನೋಟದ ಜೊತೆಗೆ ನೀರನ್ನೂ ನೋಡಿ

"ಡಾಕ್ಟ್ರೇ, ರಿಟೈರ್ ಆದ ಮೇಲೆ ಊರ ಕಡೆ ಕೆರೆ ಪಕ್ಕ ಒಂದು ಸಣ್ಣ ಮನೆ ಕಟ್ಟಿಕೊಂಡು ಇದ್ದುಬಿಟ್ಟರೆ ಬಿ.ಪಿ. ಮಾತ್ರೆ ಬಿಡಬಹುದೇ?" ಐವತ್ತು ದಾಟಿದ ಹಲವರು ಕೇಳುವ ಪ್ರಶ್ನೆ ಇದು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಕಡೆಯಿಂದ ಹೋಗಿ ಬೆಂಗಳೂರಿನಲ್ಲಿ ನೆಲೆಸಿದವರಿಗೆ ಈ ಆಸೆ ಇನ್ನೂ ಹೆಚ್ಚು. ಆಸೆ ಒಳ್ಳೆಯದೇ. ಆದರೆ ಮಾತ್ರೆಯನ್ನು ವೈದ್ಯರನ್ನು ಕೇಳದೆ ಬಿಡಬಾರದು. ಮನೆ ಕಟ್ಟುವ ಮೊದಲು ಕೆರೆಯ ನೋಟದ ಜೊತೆಗೆ ಕುಡಿಯುವ ನೀರನ್ನೂ ನೋಡಬೇಕು.

ಮೌನವೂ ಮದ್ದು

ನಿದ್ರೆಯಲ್ಲಿ ಕಣ್ಣು ಮುಚ್ಚುತ್ತದೆ, ಕಿವಿ ಮುಚ್ಚುವುದಿಲ್ಲ. ಲಾರಿಯ ಹಾರ್ನ್ ಕೇಳಿದಾಗ ನಮಗೆ ಎಚ್ಚರವಾಗದಿದ್ದರೂ ದೇಹ ಬೆಚ್ಚುತ್ತದೆ. ಅಡ್ರಿನಲಿನ್ ಸ್ರವಿಸಿ ನಾಡಿ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ. ಇದು ರಾತ್ರಿಯೆಲ್ಲ, ವರ್ಷಗಟ್ಟಲೆ ನಡೆದರೆ ಹೃದಯಕ್ಕೆ ಹೊರೆ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 45 ಡೆಸಿಬಲ್ ಮೀರಬಾರದು. ನಗರದ ಮುಖ್ಯರಸ್ತೆಯ ಮನೆಗಳಿಗೆ ಆ ಭಾಗ್ಯವೆಲ್ಲಿ? ಕೆರೆ ಏರಿಯ ಮೇಲೆ ದಿನಕ್ಕೆ ಅರ್ಧ ಗಂಟೆ ನಡಿಗೆ, ಹೊತ್ತಿಗೆ ಸರಿಯಾಗಿ ಊಟ, ಗದ್ದಲವಿಲ್ಲದ ನಿದ್ರೆ ಸಿಕ್ಕಿದರೆ ಸಕ್ಕರೆ ಕಾಯಿಲೆಯವರಿಗೂ ರಕ್ತದೊತ್ತಡದವರಿಗೂ ಲಾಭವಿದೆ.

ಕಗ್ಗಲಡು ಕಲಿಸುವ ಪಾಠ

ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋಗಿ ಬನ್ನಿ. ಊರೊಳಗಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಸುತ್ತಲಿನ ಕೆರೆಗಳ ಮೀನೇ ಅವುಗಳ ಆಹಾರ. ಊರಿನವರು ಅವುಗಳನ್ನು ಓಡಿಸದೆ ಕಾಪಾಡಿಕೊಂಡು ಬಂದಿದ್ದಾರೆ. ನೋಡಲು ಹೋಗುವವರು ಈ ಶಿಸ್ತನ್ನು ಕಲಿಯಬೇಕು. ಪಟಾಕಿ, ಧ್ವನಿವರ್ಧಕ ಬೇಡ. ಬಾಟಲಿ, ಪ್ಲಾಸ್ಟಿಕ್ ಎಸೆಯಬೇಡಿ. ಯಾವ ಮೌನವನ್ನು ಹುಡುಕಿಕೊಂಡು ಹೋದೆವೋ ಅದನ್ನು ನಾವೇ ಕೆಡಿಸಬಾರದು.

ಇನ್ನೊಂದು ಎಚ್ಚರಿಕೆ: ಮಕ್ಕಳನ್ನು ಕೆರೆಗೆ ಇಳಿಸಬೇಡಿ. ಮಣ್ಣು ತೆಗೆದ ಗುಂಡಿಗಳು ನೀರು ತುಂಬಿದ ಮೇಲೆ ಕಾಣುವುದಿಲ್ಲ. ಮೊಣಕಾಲುದ್ದ ನೀರಿನ ಪಕ್ಕದಲ್ಲೇ ಆಳೆತ್ತರದ ಗುಂಡಿ ಇರಬಹುದು.

ಬಾಯಿಗೆ ಬರುವ ನೀರು ಯಾವುದು?

ಕಣ್ಣಿಗೆ ಕಾಣುವುದು ಕೆರೆಯ ನೀರು, ಕುಡಿಯುವುದು ಸಾಮಾನ್ಯವಾಗಿ ಕೊಳವೆಬಾವಿಯದು. ಈ ಸೀಮೆಯಲ್ಲಿ, ಮುಖ್ಯವಾಗಿ ಪಾವಗಡ ತಾಲ್ಲೂಕಿನಲ್ಲಿ, ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ನೆಲದಡಿಯ ಬಂಡೆಗಳ ಖನಿಜದಿಂದ ಅದು ನಿಧಾನವಾಗಿ ನೀರಿಗೆ ಇಳಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಉತ್ತಮ. ಬೇರೆ ನೀರು ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು.

ಅದಕ್ಕಿಂತ ಹೆಚ್ಚಿನ ಫ್ಲೋರೈಡ್ ಇರುವ ನೀರನ್ನು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಕುಡಿದ ಮಕ್ಕಳ ಹಲ್ಲಿನಲ್ಲಿ ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಕಂದು ಪಟ್ಟಿ ಕಾಣಿಸುತ್ತದೆ. ಉಜ್ಜಿದರೆ ಹೋಗುವುದಿಲ್ಲ. ಇನ್ನೂ ಹೆಚ್ಚು ಪ್ರಮಾಣದಲ್ಲಿ ವರ್ಷಾನುಗಟ್ಟಲೆ ಕುಡಿದ ದೊಡ್ಡವರಲ್ಲಿ ಕುತ್ತಿಗೆ, ಬೆನ್ನು, ಮಂಡಿ ಬಿಗಿಯುತ್ತವೆ. ಕೊನೆಗೆ ಬೆನ್ನು ಬಾಗುತ್ತದೆ. ಇದೇ ಫ್ಲೋರೋಸಿಸ್. ನಮ್ಮ ದೇಶದಲ್ಲಿ 1937ರಲ್ಲೇ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ, ವೈದ್ಯರು ಇದನ್ನು ಗುರುತಿಸಿದ್ದರು. ಬಾಗಿದ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ಬಾರದಂತೆ ನೋಡಿಕೊಳ್ಳುವುದೇ ದಾರಿ.

ನೀರು ಕಾಯಿಸಿದರೆ ಫ್ಲೋರೈಡ್ ಹೋಗುತ್ತದೆಂಬುದು ತಪ್ಪು ತಿಳಿವಳಿಕೆ. ಕಾಯಿಸಿದರೆ ರೋಗಾಣು ಸಾಯುತ್ತದೆ. ನೀರು ಆವಿಯಾದಷ್ಟೂ ಫ್ಲೋರೈಡ್ ಗಾಢವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ಆರ್.ಓ. ಘಟಕದ ನೀರು ಅಥವಾ ಶುಚಿಯಾಗಿ ಹಿಡಿದಿಟ್ಟ ಮಳೆನೀರು ಉತ್ತಮ. ಕುಡಿಯಲು ಮಾತ್ರವಲ್ಲ, ಮುದ್ದೆ, ಸಾರು, ಕಾಫಿಗೂ ಅದನ್ನೇ ಬಳಸಿ. ಮಳೆನೀರನ್ನು ಕಾಯಿಸಿ ಆರಿಸಿ ಕುಡಿಯಿರಿ. ಊಟದಲ್ಲಿ ರಾಗಿ, ಹಾಲು, ಸೊಪ್ಪು, ನೆಲ್ಲಿಕಾಯಿ ಇರಲಿ.

ಕೆರೆ ತುಂಬಿದರೆ ಬಾವಿಗೆ ಜೀವ

ಪಾವಗಡದ ರಾಯಚರ್ಲು ಎಂಬ ಹೆಸರಿನಲ್ಲಿ ತೆಲುಗಿನ 'ಚೆರುವು' ಕಿವಿಗೆ ಬೀಳುತ್ತದೆ. ಚೆರುವು ಎಂದರೆ ಕೆರೆ. ಇಂದು ಆ ಊರು ಪ್ರಸಿದ್ಧವಾಗಿರುವುದು ಬಿಸಿಲಿನಿಂದ. 2018ರಲ್ಲಿ ಆರಂಭವಾದ 2,050 ಮೆಗಾವಾಟ್ ಸೌರ ಉದ್ಯಾನದ ಐದು ಊರುಗಳಲ್ಲಿ ಅದೂ ಒಂದು. ಮಳೆ ಕಡಿಮೆ ಇರುವ ಇಂಥ ಸೀಮೆಯಲ್ಲಿ ಹಿರಿಯರು ಕೆರೆ ಕಟ್ಟಿದ್ದು ಬೆಳೆಗಾಗಿ. ಅದರಿಂದ ಆರೋಗ್ಯಕ್ಕೂ ಉಪಕಾರವಾಗಿದೆ. ಕೆರೆ ತುಂಬಿದರೆ ಮಳೆನೀರು ನೆಲಕ್ಕಿಳಿದು ಸುತ್ತಲ ಬಾವಿಗಳ ಫ್ಲೋರೈಡನ್ನು ತಿಳಿಯಾಗಿಸುತ್ತದೆ. ಕೆರೆ ಬತ್ತಿದರೆ ಕೊಳವೆಬಾವಿ ಆಳಕ್ಕೆ ಹೋಗುತ್ತದೆ, ಸಾಮಾನ್ಯವಾಗಿ ಫ್ಲೋರೈಡೂ ಏರುತ್ತದೆ. ಆದ್ದರಿಂದ ಕೆರೆಗೆ ನೀರು ತರುವ ಕಾಲುವೆಯನ್ನು ಮುಚ್ಚಿ ಕಾಂಪೌಂಡ್ ಹಾಕುವವರು ತಮ್ಮ ಮೊಮ್ಮಕ್ಕಳ ಹಲ್ಲಿಗೇ ಕೇಡು ತಂದುಕೊಂಡಂತೆ.

ಮನೆ ಕಟ್ಟುವ ಮೊದಲು

1. ನಿವೇಶನ ಕೊಳ್ಳುವ ಮುನ್ನವೇ ಅಲ್ಲಿನ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಫ್ಲೋರೈಡ್, ನೈಟ್ರೇಟ್, ರೋಗಾಣು ಮೂರನ್ನೂ ಕೇಳಿ.

2. ಜಾಗ ಕೆರೆಯಂಗಳಕ್ಕೆ, ಕಾಲುವೆಗೆ ಸೇರಿದ್ದಲ್ಲವೆಂದು ತಾಲ್ಲೂಕು ಕಚೇರಿಯ ನಕ್ಷೆಯಲ್ಲಿ ಖಚಿತಪಡಿಸಿಕೊಳ್ಳಿ.

3. ಶೌಚಾಲಯದ ಗುಂಡಿ ಬಾವಿಯಿಂದ ಕನಿಷ್ಠ 50 ಅಡಿ ದೂರವಿರಲಿ. ಬಚ್ಚಲು ನೀರು ಕೆರೆಗೆ ಸೇರಬಾರದು.

4. ಡೆಂಗಿ ಸೊಳ್ಳೆ ಹೆಚ್ಚಾಗಿ ಹುಟ್ಟುವುದು ಕೆರೆಯಲ್ಲಲ್ಲ. ಮನೆಯ ಡ್ರಮ್ಮು, ತೊಟ್ಟಿ, ಹಳೆಯ ಟೈರಿನಲ್ಲಿ. ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ, ಮುಚ್ಚಿಡಿ.

5. ಕತ್ತಲಲ್ಲಿ ಟಾರ್ಚ್ ಇಲ್ಲದೆ ಓಡಾಡಬೇಡಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಬೇಡ. ಕಚ್ಚಿದ ಕೈಕಾಲನ್ನು ಅಲುಗಾಡಿಸದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

6. ಹೃದ್ರೋಗವಿದ್ದವರು ಆಸ್ಪತ್ರೆ ಎಷ್ಟು ದೂರ, ರಾತ್ರಿ ವಾಹನ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಎದೆನೋವಿಗೆ ಮೊದಲ ಗಂಟೆಯ ಚಿಕಿತ್ಸೆ ಪ್ರಾಣ ಉಳಿಸಬಲ್ಲದು. 108 ಸಂಖ್ಯೆ ಮನೆಯವರೆಲ್ಲರಿಗೂ ನೆನಪಿರಲಿ.

ಇಷ್ಟನ್ನು ನೋಡಿಕೊಂಡು ಮನೆ ಕಟ್ಟಿದರೆ ಕೆರೆಯ ತಂಗಾಳಿ ನಿಜಕ್ಕೂ ಆರೋಗ್ಯ ತರುತ್ತದೆ. ಅಲ್ಲಿಗೆ ಹೋದ ಮೇಲೂ ತಿಂಗಳಿಗೊಮ್ಮೆ ರಕ್ತದೊತ್ತಡ ಪರೀಕ್ಷಿಸಿಕೊಳ್ಳಿ. ಅದು ಇಳಿದಿದ್ದರೆ ಮಾತ್ರೆ ಕಡಿಮೆ ಮಾಡುವುದನ್ನು ನಿಮ್ಮ ವೈದ್ಯರು ನಿರ್ಧರಿಸಲಿ.