‘ಹಳ್ಳಿ’ ಹಳಿಯಾಗುವ ಪುಟ

ಅರ್ಜಿ ತುಂಬುವ ಪುಟವೊಂದರಲ್ಲಿ ‘ಹಳ್ಳಿ’ ಎಂದಿರಬೇಕಾದ ಬಟನ್ ನನ್ನ ಫೋನಿನಲ್ಲಿ ‘ಹಳಿ’ ಎಂದು ಕಾಣಿಸಿತು. ಪಕ್ಕದ ‘ತಾಲ್ಲೂಕು’ ಕೂಡ ‘ತಾಲೂಕು’ ಆಗಿತ್ತು. ಅದನ್ನು ಹಾಗೂ ಬರೆಯುತ್ತೇವಾದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಕ್ಕಿಲ್ಲ. ಟೈಪ್ ಮಾಡಿದವರು ತಪ್ಪು ಮಾಡಿರಲಿಲ್ಲ. ಬಟನ್ನಿನ ಎತ್ತರ ಇಷ್ಟೇ ಪಿಕ್ಸೆಲ್ ಎಂದು ಬಿಗಿದು, ಮೀರಿದ್ದನ್ನು ಮರೆಮಾಡು ಎಂದು ಸ್ಟೈಲ್‌ಶೀಟಿನಲ್ಲಿ ಬರೆದಿದ್ದರು. ಇಂಗ್ಲಿಷಿಗೆ ಆ ಎತ್ತರ ಸಾಕು. ಕನ್ನಡದ ಒತ್ತು ಅಕ್ಷರದ ಕೆಳಗಿಳಿಯುತ್ತದೆ. ಇಳಿದದ್ದು ಪೆಟ್ಟಿಗೆಯ ಅಂಚಿಗೆ ಸಿಕ್ಕಿ ಕತ್ತರಿಸಿಹೋಗಿತ್ತು.

ಇದರ ಬೇರು ಒಂದು ನಂಬಿಕೆಯಲ್ಲಿದೆ: ವೆಬ್ ಪುಟ ಅಂದರೆ ಒಂದು ಚಿತ್ರ, ಕಂಪ್ಯೂಟರಿನಲ್ಲಿ ಒಮ್ಮೆ ಬಿಡಿಸಿದರೆ ಎಲ್ಲರಿಗೂ ಹಾಗೇ ಕಾಣಬೇಕು. ಸ್ಟೈಲ್‌ಶೀಟ್ ಬಗ್ಗೆ ನಾನು ಕೇಳಿರುವ ತಪ್ಪು ಕಲ್ಪನೆಗಳಲ್ಲಿ ಹೆಚ್ಚಿನವು ಈ ಒಂದು ಬೇರಿನಿಂದಲೇ ಚಿಗುರಿದವು.

‘ಡಿಸೈನರ್ ಹೇಳಿದ್ದೇ ಕೊನೆಯ ಮಾತು’

ಸ್ಟೈಲ್‌ಶೀಟ್ ಬರೆಯುವ ಭಾಷೆಯಾದ ಸಿಎಸ್‌ಎಸ್ ಎಂದರೆ ಬ್ರೌಸರಿಗೆ ಕೊಡುವ ಆಜ್ಞೆಗಳ ಪಟ್ಟಿ ಎಂದುಕೊಂಡೇ ಬಹಳಷ್ಟು ಜನ ಕೆಲಸ ಶುರುಮಾಡುತ್ತಾರೆ. ಅದು ಹುಟ್ಟಿದ್ದು ಹಾಗಲ್ಲ. ಹೋಕನ್ ವಿಯುಮ್ ಲೀ 1994ರ ಅಕ್ಟೋಬರಿನಲ್ಲಿ, ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿದ್ದಾಗ, ಇದರ ಮೊದಲ ಕರಡನ್ನು ಮುಂದಿಟ್ಟರು. ಆ ಕರಡಿನಲ್ಲಿ ಒಂದು ಸೊಗಸಾದ ಏರ್ಪಾಡಿತ್ತು. ಶೀರ್ಷಿಕೆಯ ಅಕ್ಷರ ಇಷ್ಟು ದೊಡ್ಡದಿರಲಿ ಎಂದು ಬರೆದು, ಪಕ್ಕದಲ್ಲೇ ಶೇಕಡಾ 40 ಎಂದು ಸೇರಿಸಬಹುದಿತ್ತು. ಅಂದರೆ, ಈ ವಿಷಯದಲ್ಲಿ ನನ್ನ ಒತ್ತಾಯ ಇಷ್ಟೇ, ಉಳಿದದ್ದನ್ನು ಬೇರೆಯವರ ಇಷ್ಟಕ್ಕೆ ಬಿಟ್ಟಿದ್ದೇನೆ ಎಂದರ್ಥ. ಆ ಶೇಕಡಾ ಲೆಕ್ಕ ಮುಂದೆ ಬಿದ್ದುಹೋಯಿತು. ಆದರೆ ಲೀ ಮತ್ತು ಬರ್ಟ್ ಬಾಸ್ ಸೇರಿ ಬೆಳೆಸಿದ ಭಾಷೆ 1996ರ ಡಿಸೆಂಬರಿನಲ್ಲಿ, ವೆಬ್ ಮಾನದಂಡ ರೂಪಿಸುವ ಡಬ್ಲ್ಯು3ಸಿಯ ಶಿಫಾರಸಾಗಿ ಹೊರಬಂದಾಗ ಅದರ ಜೀವಾಳ ಹೆಸರಲ್ಲೇ ಉಳಿದಿತ್ತು. ಕ್ಯಾಸ್ಕೇಡ್ ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುವ ನೀರು. ಬ್ರೌಸರಿನ ಮಾತು, ಓದುಗರ ಮಾತು, ಪುಟ ಕಟ್ಟಿದವರ ಮಾತು ಮೂರೂ ಹರಿದು ಬಂದು ಕೂಡಿದ ಮೇಲೇ ಪುಟ ಕಾಣಿಸುತ್ತದೆ.

ಈ ಸಾಲೇ ಮೇಲಾಗಲಿ ಎಂದು ಹಾಕುವ, ಎಲ್ಲರೂ ತಪ್ಪಾಗಿ ಬಳಸುವ ‘ಇಂಪಾರ್ಟೆಂಟ್’ ಗುರುತಿನ ಕತೆಯೂ ಇದೇ. ಓದುಗರು ಮತ್ತು ಪುಟದವರು ಇಬ್ಬರೂ ಈ ಗುರುತು ಹಾಕಿದರೆ ಮೊದಲ ಆವೃತ್ತಿಯಲ್ಲಿ ಪುಟದವರು ಗೆಲ್ಲುತ್ತಿದ್ದರು. 1998ರ ಎರಡನೇ ಆವೃತ್ತಿಯಲ್ಲಿ ಇದನ್ನು ತಿರುವುಮುರುವು ಮಾಡಿದರು. ಕಣ್ಣು ಮಂಜಾದವರು, ಬಣ್ಣ ಗುರುತಿಸಲಾಗದವರು ತಮಗೆ ಬೇಕಾದ ದಪ್ಪ ಅಕ್ಷರ, ತಮಗೆ ಕಾಣುವ ಬಣ್ಣ ಇಟ್ಟುಕೊಂಡರೆ ಯಾವ ಡಿಸೈನರೂ ಅದನ್ನು ಕಿತ್ತುಕೊಳ್ಳಬಾರದು ಎಂಬುದು ಅದರ ಉದ್ದೇಶ. ಇಂಥ ಗುರುತನ್ನು ಇವತ್ತು ನಾವು ನಮ್ಮದೇ ತಂಡದ ಇನ್ನೊಂದು ಸಾಲನ್ನು ತುಳಿಯಲು ಬಳಸುತ್ತಿದ್ದೇವೆ. ಒಬ್ಬರು ದನಿ ಏರಿಸಿದರೆ ಇನ್ನೊಬ್ಬರೂ ಏರಿಸಬೇಕಾಗುತ್ತದೆ, ಆರು ತಿಂಗಳಲ್ಲಿ ಫೈಲಿನ ತುಂಬ ಅದೇ ಗುರುತು. 2022ರಲ್ಲಿ ಬಂದ ಕ್ಯಾಸ್ಕೇಡ್ ಲೇಯರ್‌ಗಳು ಈ ಜಗಳಕ್ಕೆ ಸರಿಯಾದ ಪರಿಹಾರ. ಮೂಲ ನಿಯಮಗಳು ಒಂದು ಪದರ, ಹೊರಗಿನಿಂದ ತಂದ ಫ್ರೇಮ್‌ವರ್ಕ್ ಒಂದು ಪದರ, ನಮ್ಮವು ಇನ್ನೊಂದು ಪದರ ಎಂದು ಹೆಸರಿಟ್ಟು ಸಾಲಾಗಿ ಜೋಡಿಸಿದರೆ, ಕೊನೆಯ ಪದರದ ಸಾದಾ ಸಾಲು ಕೂಡ ಹಿಂದಿನ ಪದರದ ಎಷ್ಟೇ ಬಿಗಿಯಾದ ಸಾದಾ ಸಾಲನ್ನು ಮೀರುತ್ತದೆ.

ಒಂದೇ ಪದರದ ಎರಡು ಸಾಲುಗಳಲ್ಲಿ ಹೆಚ್ಚು ಬಿಗಿಯಾದದ್ದು ಯಾವುದು ಎಂದು ಅಳೆಯುವಾಗ, ಹನ್ನೊಂದು ಕ್ಲಾಸ್ ಒಟ್ಟುಗೂಡಿದರೆ ಒಂದು ಐಡಿಯನ್ನು ಸೋಲಿಸಬಹುದು ಎಂಬ ಲೆಕ್ಕವೂ ಚಾಲ್ತಿಯಲ್ಲಿದೆ. ಕ್ಲಾಸಿಗೆ ಹತ್ತು, ಐಡಿಗೆ ನೂರು ಎಂದು ಪಾಠ ಹೇಳಿಕೊಟ್ಟವರಿಂದ ಬಂದ ತಪ್ಪು ಇದು. ಇಲ್ಲಿ ಬಿಡಿ, ಹತ್ತು, ನೂರರ ಮನೆಗಳು ಬೇರೆಬೇರೆ, ಒಂದು ಮನೆ ತುಂಬಿ ಪಕ್ಕದ ಮನೆಗೆ ಉಕ್ಕುವುದಿಲ್ಲ. ಸಾವಿರ ಕ್ಲಾಸ್ ಕೂಡಿಸಿದರೂ ಒಂದು ಐಡಿಗೆ ಸಮವಲ್ಲ.

ಪಿಕ್ಸೆಲ್ ಬಗ್ಗೆಯೂ ಒಂದು ಮಾತು. ಅದು ಪರದೆಯ ಮೇಲಿನ ಒಂದು ಚುಕ್ಕಿ ಎಂದೇ ಬಹುಪಾಲು ಜನ ತಿಳಿದಿದ್ದಾರೆ. ಸಿಎಸ್‌ಎಸ್‌ನಲ್ಲಿ ಪಿಕ್ಸೆಲ್ ಅಂದರೆ ಇಂಚಿನ 96ನೇ ಒಂದು ಭಾಗ ಎಂದು ಗೊತ್ತುಮಾಡಿಕೊಂಡ ಅಳತೆ. ಇಂದಿನ ಫೋನುಗಳಲ್ಲಿ ಅಂಥ ಒಂದು ಪಿಕ್ಸೆಲ್ಲಿನ ಉದ್ದಕ್ಕೆ ಎರಡೋ ಮೂರೋ ನಿಜವಾದ ಚುಕ್ಕಿಗಳಿರುತ್ತವೆ. ಹೆಚ್ಚು ಮುಖ್ಯವಾದದ್ದು ಬೇರೆ. ಅಕ್ಷರದ ಗಾತ್ರವನ್ನು ಪಿಕ್ಸೆಲ್ಲಿನಲ್ಲಿ ಬಿಗಿದರೆ, ಕಂಪ್ಯೂಟರಿನ ಬ್ರೌಸರ್ ಸೆಟ್ಟಿಂಗಿನಲ್ಲಿ ಅಕ್ಷರ ದೊಡ್ಡದು ಮಾಡಿಟ್ಟುಕೊಂಡ ಹಿರಿಯರಿಗೆ ನಮ್ಮ ಪುಟ ಸ್ಪಂದಿಸುವುದೇ ಇಲ್ಲ. ‘ರೆಮ್’ ಎಂಬ ಅಳತೆ ಅವರು ಆರಿಸಿಕೊಂಡ ಗಾತ್ರವನ್ನೇ ಆಧಾರವಾಗಿ ಹಿಡಿಯುತ್ತದೆ. ಇಷ್ಟು ಸಣ್ಣ ಬದಲಾವಣೆಗೆ ನಾವೇಕೆ ಇನ್ನೂ ಹಿಂದೆಮುಂದೆ ನೋಡುತ್ತೇವೋ ನನಗೆ ಅರ್ಥವಾಗಿಲ್ಲ.

‘ಎಲ್ಲ ಬ್ರೌಸರಿಗೂ ಬರಲಿ, ಆಮೇಲೆ ನೋಡೋಣ’

ಈ ಹೆದರಿಕೆಗೆ ಒಂದು ಕಾಲದಲ್ಲಿ ಕಾರಣವಿತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರಿಗೆಂದೇ ಬೇರೆ ಫೈಲ್ ಬರೆಯುತ್ತಿದ್ದ ದಿನಗಳನ್ನು ಕಂಡವರು ಇನ್ನೂ ಕೆಲಸದಲ್ಲಿದ್ದಾರೆ. ಅದರ ಡೆಸ್ಕ್‌ಟಾಪ್ ಆವೃತ್ತಿಗೆ 2022ರ ಜೂನ್ 15ರಂದು ಮೈಕ್ರೋಸಾಫ್ಟ್ ತೆರೆ ಎಳೆಯಿತು. ಈಗ ಹೊಸ ಸೌಲಭ್ಯಗಳು ಬಹಳ ಬೇಗ ಎಲ್ಲೆಡೆ ಬರುತ್ತಿವೆ. ಪುಟವನ್ನು ಅಡ್ಡ ಉದ್ದ ಜೋಡಿಸುವ ಗ್ರಿಡ್ ಅಂತೂ 2017ರ ಮಾರ್ಚ್ ಒಂದೇ ತಿಂಗಳಲ್ಲಿ ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಮೂರಕ್ಕೂ ಬಂತು. ತನ್ನ ಮಕ್ಕಳನ್ನು ನೋಡಿ ತಾಯಿ ಪೆಟ್ಟಿಗೆಯನ್ನು ಆರಿಸುವ ‘ಹ್ಯಾಸ್’ ಸೆಲೆಕ್ಟರ್ ಬ್ರೌಸರನ್ನು ನಿಧಾನ ಮಾಡುತ್ತದೆ, ಆಗದ ಕೆಲಸ ಎಂದು ವರ್ಷಗಟ್ಟಲೆ ಕೈಬಿಟ್ಟಿದ್ದರು. ಅದು 2022ರಲ್ಲಿ ಸಫಾರಿಗೂ ಕ್ರೋಮ್‌ಗೂ, 2023ರ ಡಿಸೆಂಬರಿನಲ್ಲಿ ಫೈರ್‌ಫಾಕ್ಸ್‌ಗೂ ಬಂದಾಯಿತು.

ಎಲ್ಲೆಡೆ ಬಂದಿಲ್ಲದಿದ್ದರೂ ಕಾಯಬೇಕಿಲ್ಲ. ತನಗೆ ತಿಳಿಯದ ಸಾಲನ್ನು ಬ್ರೌಸರ್ ಬಿಟ್ಟು ಮುಂದೆ ಹೋಗಬೇಕು ಎಂಬುದು ಮೊದಲ ಆವೃತ್ತಿಯಿಂದಲೂ ಇರುವ ನಿಯಮ. ಹಾಗಾಗಿ ಹಳೆಯ ಸಾಲನ್ನು ಮೊದಲು, ಹೊಸದನ್ನು ಅದರ ಕೆಳಗೆ ಬರೆಯಿರಿ. ಬಲ್ಲ ಬ್ರೌಸರ್ ಹೊಸದನ್ನು ಹಿಡಿಯುತ್ತದೆ, ಅರಿಯದ್ದು ಹಳೆಯದರಲ್ಲೇ ನಿಲ್ಲುತ್ತದೆ. ಒಂದು ಕಡೆ ಮಾತ್ರ ಎಚ್ಚರ ಬೇಕು. ಅಲ್ಪವಿರಾಮ ಹಾಕಿ ಹಲವು ಸೆಲೆಕ್ಟರ್‌ಗಳನ್ನು ಜೋಡಿಸಿದಾಗ ಅದರಲ್ಲೊಂದು ಅರ್ಥವಾಗದಿದ್ದರೂ ಇಡೀ ನಿಯಮ ಬಿದ್ದುಹೋಗುತ್ತದೆ.

‘ಸಿಎಸ್‌ಎಸ್ 4 ಯಾವಾಗ ಬರುತ್ತೆ ಸಾರ್?’ ಎಂದು ತರಗತಿಯಲ್ಲಿ ಪ್ರತಿ ಸಲ ಒಬ್ಬರಾದರೂ ಕೇಳುತ್ತಾರೆ. ಆ ಹೆಸರಿನ ನಿರ್ದಿಷ್ಟ ದಾಖಲೆ ಇಲ್ಲ. 2.1ರ ನಂತರ ಭಾಷೆಯನ್ನು ಭಾಗಗಳಾಗಿ ಒಡೆದರು. ಸೆಲೆಕ್ಟರ್, ಬಣ್ಣ, ಗ್ರಿಡ್ ಎಲ್ಲವೂ ತಂತಮ್ಮ ವೇಗದಲ್ಲಿ ಹಂತ ಏರುತ್ತವೆ.

‘ಗ್ರಿಡ್ ಬಂತು, ಫ್ಲೆಕ್ಸ್‌ಬಾಕ್ಸ್ ಮುಗೀತು’

ಎರಡೂ ಬೇರೆ ಕೆಲಸದವು. ಹೂ ಕಟ್ಟುವಾಗ ಹೂವಿನ ಗಾತ್ರ ನೋಡಿಕೊಂಡು ದಂಡೆ ಬೆಳೆಯುತ್ತದೆ. ಫ್ಲೆಕ್ಸ್‌ಬಾಕ್ಸ್ ಹಾಗೆ, ಒಂದೇ ಸಾಲು, ಒಳಗಿರುವ ವಸ್ತುವೇ ಮುಖ್ಯ. ಚುಕ್ಕಿ ರಂಗೋಲಿಯಲ್ಲಿ ಮೊದಲು ಚುಕ್ಕಿ ಇಡುತ್ತೇವೆ, ಎಳೆ ಆಮೇಲೆ. ಗ್ರಿಡ್ ಅದು, ಅಡ್ಡ ಮತ್ತು ಉದ್ದ ಎರಡನ್ನೂ ಮೊದಲೇ ಗೊತ್ತುಮಾಡಿಕೊಂಡು ತುಂಬುತ್ತೇವೆ. ಮೇಲ್ಗಡೆಯ ಮೆನುವಿಗೆ ದಂಡೆ ಸಾಕು, ಇಡೀ ಪುಟಕ್ಕೆ ಚುಕ್ಕಿ ಬೇಕು. ಸುದ್ದಿಪುಟದ ಕಾರ್ಡುಗಳಲ್ಲಿ ಒಂದರ ತಲೆಬರಹ ಎರಡು ಸಾಲು, ಪಕ್ಕದ್ದು ನಾಲ್ಕು ಸಾಲು ಆದಾಗ ಕೆಳಗಿನ ಚಿತ್ರಗಳು ಏರುಪೇರಾಗುತ್ತವೆ. ಕನ್ನಡದಲ್ಲಿ ಇದು ದಿನನಿತ್ಯದ ತಲೆನೋವು. 2023ರ ಸೆಪ್ಟೆಂಬರಿನಲ್ಲಿ ಕ್ರೋಮ್ ಕೂಡ ಸಬ್‌ಗ್ರಿಡ್ ತಂದ ಮೇಲೆ ಒಳಗಿನ ಕಾರ್ಡು ಹೊರಗಿನ ಗ್ರಿಡ್ಡಿನ ಗೆರೆಗಳನ್ನೇ ಹಂಚಿಕೊಳ್ಳುತ್ತದೆ, ಸಾಲು ತಾನಾಗಿ ನೇರವಾಗುತ್ತದೆ.

ಇದರ ಜೊತೆಗೇ ಬಂದ ಒಂದು ಅಪಾಯವನ್ನು ಕಡಿಮೆ ಜನ ಗಮನಿಸುತ್ತಾರೆ. ಗ್ರಿಡ್ಡಿನಲ್ಲಿ ಕೆಳಗಿನದನ್ನು ಮೇಲೆ ತೋರಿಸುವುದು ಒಂದು ಸಾಲಿನ ಕೆಲಸ. ಕಣ್ಣಿಗೆ ಕ್ರಮ ಬದಲಾಯಿತು ನಿಜ. ಆದರೆ ಟ್ಯಾಬ್ ಕೀಲಿ ಒತ್ತುತ್ತ ಹೋಗುವವರಿಗೆ, ಸ್ಕ್ರೀನ್ ರೀಡರ್ ಕೇಳುವ ಅಂಧರಿಗೆ ಎಚ್‌ಟಿಎಂಎಲ್‌ನಲ್ಲಿ ಬರೆದ ಕ್ರಮವೇ ಸಿಗುತ್ತದೆ. ಅರ್ಜಿಯ ‘ಸಲ್ಲಿಸಿ’ ಬಟನ್ ಅವರಿಗೆ ಹೆಸರು ಬರೆಯುವ ಮೊದಲೇ ಎದುರಾಗಬಹುದು. ಕ್ರಮ ಬದಲಿಸಬೇಕೆಂದಿದ್ದರೆ ಎಚ್‌ಟಿಎಂಎಲ್‌ನಲ್ಲೇ ಬದಲಿಸಿ.

‘ರೆಸ್ಪಾನ್ಸಿವ್ ಅಂದರೆ ಮೊಬೈಲಿಗೊಂದು, ಕಂಪ್ಯೂಟರಿಗೊಂದು’

ಈಥನ್ ಮಾರ್ಕಾಟ್ 2010ರ ಮೇ ತಿಂಗಳ ಲೇಖನದಲ್ಲಿ ರೆಸ್ಪಾನ್ಸಿವ್ ವೆಬ್ ವಿನ್ಯಾಸ ಎಂಬ ಹೆಸರು ಕೊಟ್ಟಾಗ ಹೇಳಿದ್ದು ಮೂರು ಸಂಗತಿ: ಹಿಗ್ಗಿ ಕುಗ್ಗುವ ಗ್ರಿಡ್, ಹಿಗ್ಗಿ ಕುಗ್ಗುವ ಚಿತ್ರ, ಮೀಡಿಯಾ ಕ್ವೆರಿ. ನಾವು ಮೂರನೆಯದನ್ನಷ್ಟೇ ಹಿಡಿದುಕೊಂಡು, ಮೂರು ಫೋನಿನ ಅಗಲ ಬಾಯಿಪಾಠ ಮಾಡಿ, ಉಳಿದ ನೂರು ಅಗಲಗಳನ್ನು ಮರೆತೆವು.

ಮೀಡಿಯಾ ಕ್ವೆರಿ ಕೇಳುವುದು ಇಡೀ ಪರದೆ ಎಷ್ಟು ಅಗಲ ಎಂದು. ಒಂದು ಕಾರ್ಡಿಗೆ ಬೇಕಾದದ್ದು ಅದಲ್ಲ. ಪುಟದ ನಡುವೆ ಅಗಲವಾಗಿ ಕೂತ ಅದೇ ಕಾರ್ಡು ಪಕ್ಕದ ಪಟ್ಟಿಯಲ್ಲಿ ಇರುಕಿಕೊಂಡಿರಬಹುದು, ಪರದೆ ಎರಡಕ್ಕೂ ಒಂದೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ, ಕಾರ್ಡು ತನ್ನ ಹಾಸಿಗೆಯನ್ನು ನೋಡಬೇಕು, ಮನೆಯನ್ನಲ್ಲ. ಇದು ಬಹುಕಾಲ ಅಸಾಧ್ಯ ಎನಿಸಿಕೊಂಡಿದ್ದಕ್ಕೆ ಕಾರಣವೂ ಅದೇ ಗಾದೆಯಲ್ಲಿದೆ. ಮಲಗಿದವರು ಕಾಲು ಚಾಚಿದಂತೆ ಹಾಸಿಗೆಯೇ ಹಿಗ್ಗಿದರೆ? ಹಿಗ್ಗಿದ ಹಾಸಿಗೆ ನೋಡಿ ಅವರು ಮತ್ತೆ ಕಾಲು ಚಾಚುತ್ತಾರೆ, ಲೆಕ್ಕಕ್ಕೆ ಕೊನೆಯಿಲ್ಲ. ಹೊರಪೆಟ್ಟಿಗೆಯ ಅಗಲ ಒಳಗಿರುವುದನ್ನು ಅವಲಂಬಿಸಬಾರದು ಎಂದು ಮೊದಲೇ ಘೋಷಿಸಿಬಿಡುವುದು ಇದಕ್ಕೆ ಸಿಕ್ಕ ಉಪಾಯ. ಮಿರಿಯಮ್ ಸೂಝಾನ್ ಮುಂತಾದವರ ಶ್ರಮದಿಂದ ಕಂಟೇನರ್ ಕ್ವೆರಿ ರೂಪುಗೊಂಡು, 2023ರ ಫೆಬ್ರವರಿಯ ಹೊತ್ತಿಗೆ ಮುಖ್ಯ ಬ್ರೌಸರುಗಳಲ್ಲೆಲ್ಲ ನೆಲೆಯಾಯಿತು. ನನ್ನ ಮಟ್ಟಿಗೆ ಗ್ರಿಡ್ಡಿನ ನಂತರ ಬಂದ ದೊಡ್ಡ ವರ ಇದು.

‘ಇಂಗ್ಲಿಷಿಗೆ ಸರಿಹೋದದ್ದು ಕನ್ನಡಕ್ಕೂ ಸರಿ’

2000ರ ಸುಮಾರಿಗೆ ಕನ್ನಡ ಪತ್ರಿಕೆಯ ಪುಟ ತೆರೆಯಬೇಕಾದರೆ ಅವರದೇ ಫಾಂಟ್ ಇಳಿಸಿಕೊಳ್ಳಬೇಕಿತ್ತು, ಇಲ್ಲವಾದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಗುರುತುಗಳು. ಪುಟದ ಜೊತೆಗೇ ಫಾಂಟ್ ಕಳಿಸುವ ನಿಯಮ 1998ರ ಸಿಎಸ್‌ಎಸ್‌ನಲ್ಲೇ ಇತ್ತು. 2.1ರಲ್ಲಿ ಅದನ್ನು ಕೈಬಿಟ್ಟರು, 2008–09ರಲ್ಲಿ ಸಫಾರಿ, ಫೈರ್‌ಫಾಕ್ಸ್ ಮೂಲಕ ಮರಳಿ ಬಂತು. ಈಗ ಕನ್ನಡಕ್ಕೆ ಯೂನಿಕೋಡ್ ಮೀಸಲಿಟ್ಟ 128 ಸ್ಥಾನಗಳನ್ನು ಹೆಸರಿಸಿ, ಈ ಅಕ್ಷರಗಳು ಪುಟದಲ್ಲಿದ್ದರೆ ಮಾತ್ರ ಈ ಫಾಂಟ್ ತಾ ಎಂದು ಹೇಳಬಹುದು. ಅನೇಕ್ ಕನ್ನಡದಂಥ ವೇರಿಯಬಲ್ ಫಾಂಟಿನ ಒಂದೇ ಫೈಲಿನಲ್ಲಿ ಸಣಕಲಿನಿಂದ ದಪ್ಪದವರೆಗೆ, ಕಿರಿದರಿಂದ ಅಗಲದವರೆಗೆ ಎಲ್ಲ ಹದವೂ ಸಿಗುತ್ತದೆ.

ಫಾಂಟ್ ಬಂದರೆ ಕೆಲಸ ಮುಗಿಯಿತು ಎಂಬುದೇ ಮುಂದಿನ ತಪ್ಪು. ‘ಸ್ತ್ರೀ’ ಎಂಬ ಒಂದು ಅಕ್ಷರ ಕಂಪ್ಯೂಟರಿಗೆ ಆರು ಸಂಕೇತ, ನಮ್ಮ ಕಣ್ಣಿಗೆ ಒಂದರ ಕೆಳಗೊಂದು ಇಳಿದ ಕಟ್ಟು. ಇಂಗ್ಲಿಷಿಗೆ ಗೊತ್ತುಮಾಡಿದ ಸಾಲಿನ ಎತ್ತರದಲ್ಲಿ ಮೇಲಿನ ಸಾಲಿನ ಒತ್ತು ಕೆಳಸಾಲಿನ ಗುಡಿಸಿಗೆ ತಾಗುತ್ತದೆ. ನಾನು ಅಕ್ಷರಗಾತ್ರದ 1.6ರಿಂದ 1.8ರಷ್ಟು ಇಡುತ್ತೇನೆ. ಅದನ್ನೂ ಬರಿಯ ಅಂಕಿಯಾಗಿ, ಅಳತೆಯ ಹೆಸರಿಲ್ಲದೆ ಬರೆಯುತ್ತೇನೆ. ಅಳತೆ ಸೇರಿಸಿದರೆ ಹೊರಪೆಟ್ಟಿಗೆಯಲ್ಲಿ ಲೆಕ್ಕಹಾಕಿದ ಎತ್ತರವೇ ಒಳಗಿನ ದೊಡ್ಡ ಶೀರ್ಷಿಕೆಗೂ ಹೋಗಿ, ಸಾಲುಗಳು ಒಂದರ ಮೇಲೊಂದು ಬೀಳುತ್ತವೆ. ಬರಿಯ ಅಂಕಿಯಾದರೆ ಶೀರ್ಷಿಕೆ ತನ್ನ ಗಾತ್ರಕ್ಕೆ ತಕ್ಕಂತೆ ಗುಣಿಸಿಕೊಳ್ಳುತ್ತದೆ.

ಶೀರ್ಷಿಕೆಯನ್ನು ಎತ್ತಿ ತೋರಿಸಲು ಇಂಗ್ಲಿಷ್ ಪುಟಗಳು ದೊಡ್ಡಕ್ಷರಕ್ಕೆ ತಿರುಗಿಸುತ್ತವೆ, ನಮ್ಮಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಎಂಬುದೇ ಇಲ್ಲ, ಆ ಸಾಲು ಏನೂ ಮಾಡುವುದಿಲ್ಲ. ಇಟಾಲಿಕ್ ಎಂದರೆ ಆ ರೂಪ ಫಾಂಟಿನಲ್ಲಿ ಇಲ್ಲದಿದ್ದಾಗ ಬ್ರೌಸರ್ ತಾನೇ ಅಕ್ಷರವನ್ನು ಓರೆ ಮಾಡಿಬಿಡುತ್ತದೆ. ದುಂಡಗಿನ ನಮ್ಮ ಲಿಪಿಗೆ ಅದು ಒಗ್ಗುವುದಿಲ್ಲ. ಬೋಲ್ಡ್ ಇಲ್ಲದ ಫಾಂಟನ್ನು ಬಲವಂತಕ್ಕೆ ದಪ್ಪ ಮಾಡಿದರೆ ‘ಷ’, ‘ಕ್ಷ’ಗಳ ಒಳಗಿನ ಬಯಲು ಮುಚ್ಚಿಕೊಳ್ಳುತ್ತದೆ. ಫಾಂಟ್-ಸಿಂಥೆಸಿಸ್ ಎಂಬ ಗುಣಕ್ಕೆ ‘ನನ್’ ಎಂದು ಬರೆದರೆ ಈ ಎರಡೂ ನಿಲ್ಲುತ್ತವೆ. ಪಟ್ಟಿಗೆ ೧, ೨, ೩ ಬೇಕೆಂದರೆ ಕೈಯಲ್ಲಿ ಬರೆಯಬೇಕಿಲ್ಲ, ಲಿಸ್ಟ್-ಸ್ಟೈಲ್-ಟೈಪ್‌ಗೆ ‘ಕನ್ನಡ’ ಎಂಬ ಬೆಲೆ ಸಿಎಸ್‌ಎಸ್‌ನಲ್ಲೇ ಇದೆ. ಅ, ಆ, ಇ ಎಂದು ಸಾಗುವ ಪಟ್ಟಿ ಬೇಕಾದರೆ ಕೌಂಟರ್-ಸ್ಟೈಲ್ ನಿಯಮದಲ್ಲಿ ನಾವೇ ಕಟ್ಟಿಕೊಳ್ಳಬಹುದು.

ಇನ್ನು ಆ ಬಟನ್. ಎತ್ತರ ಹೇಳುವ ಸಾಲನ್ನು ಅಳಿಸಿ, ಮೇಲೆ ಕೆಳಗೆ ಪ್ಯಾಡಿಂಗ್ ಕೊಟ್ಟು, ಬೆರಳಿಗೆ ಸಿಗುವಷ್ಟು ಕನಿಷ್ಠ ಎತ್ತರ ಇಟ್ಟರೆ ಸಾಕು, ಒಳಗಿನ ಪದವೇ ಪೆಟ್ಟಿಗೆಯನ್ನು ಬೆಳೆಸಿಕೊಳ್ಳುತ್ತದೆ. ಅಗಲಕ್ಕೂ ಇದೇ ಮಾತು. ವಿಭಕ್ತಿ, ಕ್ರಿಯಾಪದ ಅಂಟಿಕೊಂಡು ಬೆಳೆಯುವ ನಮ್ಮ ಪದಗಳು ಇಂಗ್ಲಿಷಿನ ಅಳತೆಗೆ ಕಟ್ಟಿದ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ. ಹೊಸ ವಿನ್ಯಾಸ ಕೈಗೆ ಬಂದಾಗ ನಾನು ಅದರ ಇಂಗ್ಲಿಷ್ ಪದಗಳನ್ನು ತೆಗೆದು ಪ್ರತಿ ಪೆಟ್ಟಿಗೆಯಲ್ಲೂ ಮೂರು ಪದ ಅಂಟಿಸಿ ನೋಡುತ್ತೇನೆ: ಹಳ್ಳಿ, ಸ್ತ್ರೀ, ಮಾಡಬೇಕಾಗಿರುವುದರಿಂದ.